ಗೌರಕ್ಕ ಹೊಸ್ತಿಲು ತೆಗೆಸಿದ್ದು

ಕಡಲೆಕಾಯಿ ಮೂಟೆ ತುಂಬಿದ ಲಾರಿಯ ಮೇಲಿಂದ ಬಿದ್ದು ಜಯರಾಮಪ್ಪನ ಬೆನ್ನುಮೂಳೆ ಮುರಿದದ್ದು ೨೦೦೬ರ ಬೇಸಿಗೆಯಲ್ಲಿ. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಗಾಲಿ ಕುರ್ಚಿಯಲ್ಲಿ ಹೊರಬಂದವನಿಗೆ ಹಿಂದೂಪುರದ ತನ್ನ ಮನೆಯೊಳಕ್ಕೆ ಹೋಗಲು ದಾರಿಯೇ ಇರಲಿಲ್ಲ. ಬೀದಿಯಿಂದ ನಾಲ್ಕು ಮೆಟ್ಟಿಲು, ಅಜ್ಜನ ಕಾಲದ ಗೇಣೆತ್ತರದ ಹೊಸ್ತಿಲು, ಒಬ್ಬರು ಓರೆಯಾಗಿ ನುಸುಳಬೇಕಾದ ಬಾಗಿಲುಗಳು. ಹಿತ್ತಿಲಲ್ಲಿ ಮತ್ತೆ ಮೂರು ಮೆಟ್ಟಿಲು ಇಳಿದರೆ ಬಚ್ಚಲು.

“ಮೂರು ತಿಂಗ್ಳು ಸಾಕು ಕಣಕ್ಕ, ಎಲ್ಲಾ ಸಮ ಮಾಡ್ಕೊಡ್ತೀನಿ,” ಎಂದ ಗಾರೆ ಮೇಸ್ತ್ರಿ ಪೋತಪ್ಪ. ಅಲ್ಲಿಯವರೆಗೆ ಜಯರಾಮಪ್ಪ ಕಲ್ಯಾಣದುರ್ಗದಲ್ಲಿ ತಮ್ಮ ಗಂಗರಾಜುವಿನ ಮನೆಯಲ್ಲಿರುವುದೆಂದು ಮಾತಾಯಿತು. ಹೆಂಡತಿ ಗೌರಕ್ಕನಿಗೆ ಹಿಂದೂಪುರ ಬಿಡುವಂತಿರಲಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಕೆಲಸ ಅವಳದು.

ಮೂರು ತಿಂಗಳಲ್ಲಿ ಮನೆ ಇನ್ನಷ್ಟು ಕೆಟ್ಟಿತು. ಬಾಗಿಲು ಅಗಲಿಸಲು ಗೋಡೆ ಒಡೆದರೆ ಒಳಗೆಲ್ಲ ಗೆದ್ದಲು. ತೊಲೆ ಬದಲಿಸಲು ಮಾಳಿಗೆಯ ಮಣ್ಣು ಇಳಿಸಿದ ವಾರವೇ ಮಳೆ ಸುರಿಯಿತು. ಪೋತಪ್ಪ ಸೋಮಂದೇಪಲ್ಲಿಯಲ್ಲಿ ಇನ್ನೊಂದು ಮನೆ ಒಪ್ಪಿಕೊಂಡ. ಫೋನು ಮಾಡಿದಾಗಲೆಲ್ಲ, “ಸೋಮಾರ ತಪ್ಪಕುಂಡಾ, ತಪ್ಪದೆ ಬತ್ತೀನಿ ಅಕ್ಕಾ,” ಎನ್ನುತ್ತಿದ್ದ. ಸೋಮವಾರ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಗೌರಕ್ಕ ಅಡುಗೆಮನೆಯ ಒಂದು ಮೂಲೆಯಲ್ಲಿ ಉಂಡು, ಅಲ್ಲೇ ಮಲಗಿ, ತಲೆಗೂದಲಲ್ಲಿ ಸಿಮೆಂಟು ಧೂಳು ಹೊತ್ತುಕೊಂಡೇ ಶಾಲೆಗೆ ಹೋಗುತ್ತಿದ್ದಳು.

ಭಾನುವಾರ ಮಾತ್ರ ಮೊದಲ ಬಸ್ಸಿಗೆ ಕಲ್ಯಾಣದುರ್ಗ. ಗಂಡ ಜಗಲಿಯಲ್ಲಿ ಗಾಲಿ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ. ಮೊದಲ ಮಾತೇ, “ಈ ವಾರ ಏನಾಯ್ತು ಗೌರಾ?”

ದಸರೆ ಕಳೆದ ಮೇಲಿನ ಒಂದು ಭಾನುವಾರ ಅವಳಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಅವನ ಮುಖ ನೋಡಿದಳು. ಬಾಯಿ ತಾನಾಗಿ ಆಡಿತು. “ಹೊಸ್ತಿಲು ತೆಗೆದ್ರು.”

ಅವನು ಕಣ್ಣು ಮುಚ್ಚಿ ನಕ್ಕ. “ಹಂಗಾದ್ರೆ ಕುರ್ಚಿ ಸೀದಾ ನಡುಮನೆಗೆ ಹೋಯ್ತದೆ.”

ಆ ನಗು ನೋಡಿದ ಮೇಲೆ ಮುಂದಿನ ವಾರವೂ ಸುಳ್ಳು ಹೇಳುವುದು ಕಷ್ಟವಾಗಲಿಲ್ಲ. ಬಚ್ಚಲು ಎತ್ತರವಾಯಿತು, ಹಿಡಿದುಕೊಳ್ಳಲು ಕಂಬಿ ಬಿತ್ತು, ಮೆಟ್ಟಿಲ ಜಾಗದಲ್ಲಿ ಇಳಿಜಾರು ಬಂತು. ಕಲ್ಯಾಣದುರ್ಗದ ಜಗಲಿಯಲ್ಲಿ ಮನೆ ಹೀಗೆ ಎದ್ದು ನಿಂತಂತೆಲ್ಲ ಹಿಂದೂಪುರದ ಮನೆಯ ಕಡೆ ಅವಳಿಗೆ ಮನಸ್ಸೇ ಹರಿಯದಾಯಿತು. ಬಾಯಲ್ಲಿ ಮುಗಿಸಿದ ಕೆಲಸಕ್ಕೆ ಕೈ ಏಳಲಿಲ್ಲ. ಪೋತಪ್ಪನಿಗೆ ಫೋನು ಮಾಡುವುದನ್ನೂ ಬಿಟ್ಟಳು. ಮರಳ ರಾಶಿಯ ಮೇಲೆ ಹುಲ್ಲು ಹುಟ್ಟಿತು.

ಉಗಾದಿ ಕಳೆದ ಒಂದು ಬೆಳಿಗ್ಗೆ ಗಂಗರಾಜುವಿನ ಜೀಪು ಮನೆಯ ಮುಂದೆ ನಿಂತಿತು. ಕುಂದುರ್ಪಿ ದಾರಿಯಲ್ಲಿ ಜನ ಸಾಗಿಸುವ ಜೀಪು ಇಲ್ಲಿಗೇಕೆ ಬಂತೆಂದು ಹೊರಗೆ ಇಣುಕಿದಳು. ಮುಂದಿನ ಸೀಟಿನಲ್ಲಿ ಜಯರಾಮಪ್ಪ ಕೂತಿದ್ದ.

“ಅಣ್ಣ ತಡೀಲಿಲ್ಲ ಅತ್ತಿಗೆ. ಎಲ್ಲಾ ಆಗೈತಂತೆ, ನಡಿ ಅಂದ,” ಎಂದ ಗಂಗರಾಜು.

ಮೆಟ್ಟಿಲುಗಳು ಇದ್ದಲ್ಲೇ ಇದ್ದವು. ಅವುಗಳ ಮೇಲೆ ಅರಿಸಿನ ಹಚ್ಚಿದ ಹೊಸ್ತಿಲೂ ಇತ್ತು.

“ತೆಗೆದ್ರು ಅಂದಿದ್ದೆ,” ಎಂದ ಜಯರಾಮಪ್ಪ, ಜೀಪಿನಲ್ಲಿ ಕೂತೇ.

“ತೆಗೀಲಿಲ್ಲ.”

“ಬಚ್ಚಲು?”

“ಅದೂ ಇಲ್ಲ. ಯಾವ್ದೂ ಆಗಿಲ್ಲ.” ಗೌರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಲಿಲ್ಲ, ನೆಟ್ಟಗೆ ನಿಂತೇ ಹೇಳಿದಳು. “ನೀವು ಕೇಳ್ದಾಗ ಇಲ್ಲ ಅನ್ನಕ್ಕೆ ಬಾಯಿ ಬರ್ತಿರಲಿಲ್ಲ. ನನಗೆ ಸಾಕಾಗೋಗಿದೆ. ಒಂದು ಗೋಡೆ ಕಟ್ಟಿದ್ರೆ ಇನ್ನೊಂದು ಬೀಳ್ತದೆ. ಒಳಕ್ಕೆ ಕಾಲಿಡೋಕೇ ಬೇಜಾರು.”

ಬೈಯುತ್ತಾನೆಂದು ಅವಳು ಕಾದಳು.

“ದಿನಾ ತೋಳಿಗೆ ಕಸರತ್ತು ಮಾಡ್ತೀನಿ ಅಂತ ನಾನೂ ಹೇಳ್ತಿದ್ದೆನಲ್ಲ,” ಎಂದ ಜಯರಾಮಪ್ಪ. “ಸಂಕ್ರಾಂತಿಯಿಂದ ಒಂದು ದಿನಾನೂ ಮಾಡಿಲ್ಲ. ನೀನು ಬರೋ ದಿನ ಮಾತ್ರ ಕುರ್ಚೀಲಿ ಕೂರ್ತಿದ್ದೆ. ಮಿಕ್ಕಿದ್ದೆಲ್ಲಾ ಮಂಚವೇ.”

ಗಂಗರಾಜು ತಲೆ ತಗ್ಗಿಸಿದ. ಅವನಿಗೆ ಅದು ಗೊತ್ತಿತ್ತು.

“ನಾನು ವಾಪಸ್ಸು ಹೋಗಲ್ಲ,” ಎಂದ ಜಯರಾಮಪ್ಪ. “ಗಂಗಾ, ಹಾರೆ ತಗಂಬಾ.”

ಗೌರಕ್ಕ ಒಳಗಿನಿಂದ ಕುಂಕುಮ ತಂದು ಹೊಸ್ತಿಲಿಗೆ ಇಟ್ಟು ಕೈ ಮುಗಿದಳು. ಮದುವೆಯಾಗಿ ಬಂದ ದಿನ ದಾಟಿದ ಮರ. ತೆಗೆಸಲು ಅವಳಿಗೂ ಒಳಗೊಳಗೆ ಅಳುಕಿತ್ತು, ಪೋತಪ್ಪನ ಮೇಲೆ ಹಾಕಿ ಸುಮ್ಮನಿದ್ದಳು. ಗಂಗರಾಜು ಹಾರೆ ಹಾಕಿ ಮೀಟಿದ. ಮೂರನೆಯ ಸಲಕ್ಕೆ ಅದು ಸಡಿಲಾಯಿತು. ಇಬ್ಬರೂ ಸೇರಿ ಜಯರಾಮಪ್ಪನನ್ನು ಎತ್ತಿಕೊಂಡು ಒಳಗೆ ಕೂರಿಸಿದರು.

ಅಂದಿನಿಂದ ಅವರು ದಿನಕ್ಕೊಂದು ಕೆಲಸ ಎಂದುಕೊಂಡರು. ದೊಡ್ಡದಲ್ಲ; ಶಾಲೆಯಿಂದ ಬಂದ ಮೇಲೆ ಸಂಜೆಯೊಳಗೆ ಮುಗಿಯುವಷ್ಟು. ಒಂದು ದಿನ ಒಡೆದ ಇಟ್ಟಿಗೆ ಹೊರಹಾಕುವುದು, ಒಂದು ದಿನ ಮರಳು ಜರಡಿ ಹಿಡಿಯುವುದು. ಜಯರಾಮಪ್ಪ ನೆಲದ ಮೇಲೆ ಕೂತು ಗೋಡೆಯ ಕೆಳಭಾಗಕ್ಕೆ ಗಾರೆ ಮೆತ್ತುವುದು ಕಲಿತ. ಮೊದಲ ವಾರ ಮೆತ್ತಿದ್ದೆಲ್ಲ ಉದುರಿತು. ಎರಡನೆಯ ವಾರ ಅರ್ಧ ನಿಂತಿತು. ತೋಳುಗಳಿಗೆ ಬೇರೆ ಕಸರತ್ತು ಬೇಕಾಗಲಿಲ್ಲ. ಕೆಲವು ದಿನ ಇಬ್ಬರಿಗೂ ಆಗದು ಎನಿಸುತ್ತಿತ್ತು. ಆಗ ಆಗದು ಎಂದೇ ಹೇಳಿ, ಚಹಾ ಕುಡಿದು, ಸುಮ್ಮನೆ ಕೂರುತ್ತಿದ್ದರು.

ಯಾರೋ ಸುದ್ದಿ ಮುಟ್ಟಿಸಿ ಪೋತಪ್ಪ ನೋಡಲು ಬಂದ. ಜಯರಾಮಪ್ಪ ಮೆತ್ತಿದ ಗೋಡೆಯನ್ನು ಬೆರಳಲ್ಲಿ ತಟ್ಟಿದ. “ಮೇಲಿಂದು ನಾನು ಮಾಡ್ತೀನಿ ಬಿಡಣ್ಣ,” ಎಂದು ಅಂಗಿ ಕಳಚಿದ. ನಾಚಿಕೆಗೋ ಏನೋ, ಈ ಸಲ ಸೋಮವಾರ ತಪ್ಪಿಸಲಿಲ್ಲ.

ಶ್ರಾವಣದ ಹೊತ್ತಿಗೆ ಬಾಗಿಲು ಅಗಲವಾಗಿ, ಹಿತ್ತಿಲ ಮೆಟ್ಟಿಲ ಜಾಗದಲ್ಲಿ ಇಳಿಜಾರು, ಗೋಡೆಗೆ ಕಂಬಿ ಬಂದು ಬಚ್ಚಲು ಮುಗಿಯಿತು. ಸುಣ್ಣ ಬಳಿದಿರಲಿಲ್ಲ, ಅಡುಗೆಮನೆ ಹಾಗೇ ಇತ್ತು. ಬೆಳಿಗ್ಗೆ ಗೌರಕ್ಕ ಎಂದಿನಂತೆ ಬಿಸಿನೀರು ತೋಡಿಟ್ಟು, ಗಂಡನ ಕುರ್ಚಿ ತಳ್ಳಲು ಹೋದಳು.

“ನೀನಿರು, ನಾನೇ ಹೋಯ್ತೀನಿ,” ಎಂದ ಅವನು. ಚಕ್ರ ತಿರುಗಿಸಿಕೊಂಡು ಹಿತ್ತಿಲ ಇಳಿಜಾರು ಇಳಿದ, ಕಂಬಿ ಹಿಡಿದು ಕಲ್ಲಿನ ಮೇಲೆ ಸರಿದು ಕೂತ, ಬಾಗಿಲು ಎಳೆದುಕೊಂಡ. ಒಳಗೆ ಚೊಂಬು ನೀರು ಸುರಿದ ಸದ್ದು ಕೇಳಿತು. ಹದಿನಾಲ್ಕು ತಿಂಗಳಿಂದ ಯಾರಾದರೊಬ್ಬರ ಕೈಯಲ್ಲೇ ಸ್ನಾನ ಮಾಡಿಸಿಕೊಂಡಿದ್ದವನು ಬೇಕೆಂದೇ ತಡಮಾಡುತ್ತಿದ್ದ.

ಗೌರಕ್ಕ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ, “ಟವಲು ಗೂಟದ ಮೇಲಿದೆ. ನಾನು ಸ್ಕೂಲಿಗೆ ಹೋಗ್ಬತ್ತೀನಿ,” ಎಂದು ಕೂಗಿ ಹೇಳಿ ಹೊರಟಳು.