ಅಮ್ಮನಿಗೆ ಸೇರದ ಮಾಂಸ

ಅಮ್ಮನ ವರ್ಷದ ತಿಥಿಯ ದಿನ ಮಧ್ಯಾಹ್ನ ಇನ್‌ಸಿಕ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಆಂದೊಂಗ್ ಊರಿನ ಆ ಮನೆಯಲ್ಲಿ ಗಂಡಸರು ಅಡುಗೆಮನೆಯ ಹೊಸ್ತಿಲು ದಾಟಿದರೆ ಗಂಡಸುತನ ಅಲ್ಲೇ ಕಳಚಿ ಬೀಳುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು.

"ನೋಡಮ್ಮ ಹೇರಾನ್, ಸಾರಿಗೆ ಮಾಂಸ ಹಾಕೋದ್ ಬೇಡ. ಬರೀ ಮೂಲಂಗಿ, ತೋಫು ಸಾಕು" ಎಂದ.

ಹೇರಾನ್ ಅವನ ತಮ್ಮನ ಹೆಂಡತಿ. ತಿಥಿಯ ಅಡುಗೆಗೆಂದು ದೆಗುವಿನಿಂದ ಬೆಳಿಗ್ಗೆ ಏಳಕ್ಕೇ ಹೊರಟು ಬಂದವಳು. ಮೀನು ಕರಿದು, ಕುಂಬಳಕಾಯಿಯ ಬಿಲ್ಲೆಗಳನ್ನು ಮೊಟ್ಟೆಯಲ್ಲಿ ಅದ್ದಿ ಬೇಯಿಸಿ, ಈಗ ಮೂಲಂಗಿ ಹೆಚ್ಚುತ್ತಿದ್ದಳು. ಚಾಕು ನಿಂತಿತು.

"ಎಡೆಗೆ ದನದ ಮಾಂಸ ಇಲ್ದಿರೋ ಸಾರು ಯಾವತ್ತ್ ಇಟ್ಟಿದೀವಿ ಭಾವ? ಮಾವನ ತಿಥಿಗೆ ಪ್ರತಿ ವರ್ಷ ಇಡ್ತೀವಲ್ಲ."

"ಅದು ಅಪ್ಪಂಗೆ. ಅಮ್ಮಂಗೆ ಮಾಂಸ ಸೇರ್ತಾನೇ ಇರ್ಲಿಲ್ಲ. ಮೊದಲ್ನೇ ವರ್ಷದ ಎಡೆ, ಅವಳಿಗೆ ಏನ್ ಇಷ್ಟಾನೋ ಅದನ್ನೇ ಇಡೋಣ ಅಂತ. ಅದಕ್ಕೇ ನಾನು ಮಾಂಸ ತಂದೇ ಇಲ್ಲ." ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡು ಹೋದ.

ಹೇರಾನ್‌ಗೆ ಮೈಯೆಲ್ಲ ಉರಿದುಹೋಯಿತು. ಜಿಪುಣತನಕ್ಕೆ ಹೇಳಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಈ ಮನುಷ್ಯ ಪ್ರೀತಿಯಿಂದ ಹೇಳಿದ್ದ, ಅದನ್ನು ಹೇಗೆ ಸಹಿಸುವುದು?

ಅತ್ತೆ ಕೊನೆಯ ನಾಲ್ಕು ವರ್ಷ ಇದ್ದದ್ದು ಹೇರಾನ್ ಮನೆಯಲ್ಲಿ. ಹಿರಿಮಗ ವರ್ಷಕ್ಕೆರಡು ಹಬ್ಬಕ್ಕೆ ಒಂದು ಪೆಟ್ಟಿಗೆ ಹಣ್ಣು ಹಿಡಿದು ಬಂದು, ಮುಕ್ಕಾಲು ಗಂಟೆ ಕೂತು, "ಅಮ್ಮ ಚೆನ್ನಾಗಿದಾಳೆ" ಎಂದು ತೀರ್ಪು ಕೊಟ್ಟು ಹೋಗುತ್ತಿದ್ದ. ಅತ್ತೆ ಬಂದ ಹೊಸದರಲ್ಲಿ ಹೇರಾನ್ ಕೂಡ ಎಲ್ಲರಂತೆ ಅವಳ ಬಟ್ಟಲಿಗೆ ಮೂಲಂಗಿ, ತಿಳಿಸಾರು ಮಾತ್ರ ಬಡಿಸುತ್ತಿದ್ದಳು. ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಮಾತು, ಅತ್ತೆ ಮಾಂಸ ಮುಟ್ಟುವುದಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಗಂಡ ವೊನ್‌ಸಿಕ್ ಕೆಲಸಕ್ಕೆ ಹೋದ ಮೇಲೆ ಮುದುಕಿ ಪಾತ್ರೆಯೊಳಗೆ ಇಣುಕಿ, "ತಳದಲ್ಲಿ ಒಂದೆರಡು ತುಂಡು ಉಳಿದಿದ್ರೆ ಹಾಕ್ತೀಯೇನೇ?" ಎಂದು ಕೇಳಿದಳು. ಕೇಳುವಾಗ ಬಾಗಿಲ ಕಡೆ ನೋಡಿದಳು. ಎಂಬತ್ತಾರು ವರ್ಷದ ಹೆಂಗಸು, ಮಗನ ಮನೆಯಲ್ಲಿ, ಕಳ್ಳಿಯ ಹಾಗೆ.

ಆ ಮೇಲೆ ಮುದುಕಿಗೆ ಬಾಯಿ ಬಂತು. ಹೇರಾನ್‌ಗೆ ಮಸಾಲೆಯಲ್ಲಿ ನೆನೆಸಿ ಹುರಿಯುವ ಬುಲ್ಗೊಗಿ ಮಾಡುವುದನ್ನು ಹೊಸದಾಗಿ ಕಲಿಸಿದ್ದೇ ಅವಳು. ಮಾಂಸವನ್ನು ಎಳೆಗೆ ಅಡ್ಡವಾಗಿ, ಕಾಗದದಷ್ಟು ತೆಳ್ಳಗೆ ಕೊಯ್ಯಬೇಕು. ಪೇರ್ ಹಣ್ಣು ತುರಿದು ಕಲಸಬೇಕು, ಸಕ್ಕರೆ ಸುರಿಯುವುದು ಸೋಮಾರಿಗಳ ಕೆಲಸ. ಸೋಯಾ ಸಾಸ್ ಅಳತೆ ಕಣ್ಣಿಗೆ ಬಿಟ್ಟದ್ದು. ಎಳ್ಳೆಣ್ಣೆ ಕೊನೆಗೆ. ಬೆಳ್ಳುಳ್ಳಿ ಮಾತ್ರ ಹೇರಾನ್ ಎಷ್ಟು ಜಜ್ಜಿದರೂ "ಇನ್ನೂ ಹಾಕು" ಎನ್ನುತ್ತಿದ್ದಳು. ಉಯ್‌ಸೊಂಗ್ ಅವಳ ತವರು, ಬೆಳ್ಳುಳ್ಳಿಯ ಊರು. ಬಿಸಿ ಬಾಣಲೆಯಿಂದ ನೇರ ಹಸಿ ಸೊಪ್ಪಿನೆಲೆಯ ಮೇಲೆ ಹಾಕಿಕೊಂಡು, ಅನ್ನ ಸೇರಿಸಿ ಎಲೆ ಸಮೇತ ಮಡಚಿ, ಗಲ್ಲದ ಮೇಲೆ ರಸ ಇಳಿಯುವ ಹಾಗೆ ತಿನ್ನುತ್ತಿದ್ದಳು. ಕೂತ ಕೂತಲ್ಲೇ ಕಾಲು ಕೆಜಿ.

"ಮತ್ತೆ ಮಾಂಸ ಸೇರಲ್ಲ ಅಂತ ಯಾಕ್ ಹೇಳ್ತಿದ್ರಿ ಅತ್ತೆ?" ಎಂದು ಒಮ್ಮೆ ಕೇಳಿದ್ದಳು.

"ಒಂಬತ್ತು ಜನಕ್ಕೆ ಅರ್ಧ ಕೆಜಿ ಮಾಂಸ ಕಣೇ. ಒಂದ್ ಹಂಡೆ ನೀರು, ಎಂಟು ಮೂಲಂಗಿ. ನಮ್ಮಾವ, ಮೈದುನರು, ಇವರು, ಆಮೇಲೆ ಹುಡುಗರು. ದೊಡ್ಡೋನು ನಿಂಗಿಲ್ವೇನಮ್ಮ ಅಂದ. ನಂಗ್ ಸೇರಲ್ಲ ಕಂದ ಅಂದೆ. ಒಂದ್ ಸಲ ಅಂದೆ ನೋಡು. ಅರವತ್ತು ವರ್ಷ ಯಾರೂ ಇನ್ನೊಂದ್ ಸಲ ಕೇಳಲೇ ಇಲ್ಲ." ಹೇಳಿ ನಕ್ಕಿದ್ದಳು. ನಕ್ಕು, "ಸತ್ತ್ ಮೇಲಾದ್ರೂ ನನ್ ಎಡೆಗೆ ಇದನ್ನ ಇಡು. ಬೆಳ್ಳುಳ್ಳಿ ಹಾಕೇ ಇಡು. ಸಪ್ಪೆ ಎಡೆ ಐವತ್ತು ವರ್ಷ ನಾನೇ ಬೇಯ್ಸಿದೀನಿ, ನಂಗೇ ತಿನ್ನಿಸ್ಬೇಡ" ಎಂದಿದ್ದಳು. ಹೇರಾನ್ ಆಗಲಿ ಎಂದು ಕೈಮೇಲೆ ಕೈಯಿಟ್ಟಿದ್ದಳು.

ಈಗ ಮೊದಲನೆಯ ಎಡೆಗೇ ಮೂಲಂಗಿ.

ಗಂಡ ವೊನ್‌ಸಿಕ್ ಅಂಗಳದಲ್ಲಿ ಸಿಗರೇಟು ಸೇದುತ್ತಿದ್ದ. "ನಿಮ್ಮಣ್ಣಂಗೆ ನೀವೇ ಹೇಳ್ರಿ, ಅತ್ತೆ ಬೆಳ್ಳುಳ್ಳಿ ಹಾಕಿದ್ ಬುಲ್ಗೊಗಿ ಕೇಳಿದ್ರು ಅಂತ" ಎಂದಳು. "ನಿಮ್ ಕಣ್ಣಾರೆ ನೋಡಿಲ್ವಾ ನಾಲ್ಕು ವರ್ಷ?"

"ನೋಡಿದೀನಿ. ಹಾಗಂತ ಅಣ್ಣ ಹೇಳೋದ್ರಲ್ಲೂ ಒಂದ್ ಅರ್ಥ ಇದೆ."

"ಏನ್ ಅರ್ಥ?"

"ಒಂದ್ ದಿನದ್ ವಿಷಯ ಕಣೇ. ಎಡೆಗೆ ಬೆಳ್ಳುಳ್ಳಿ ಇಟ್ರೆ ಹಿರೀಕರು ಒಳಗೇ ಬರಲ್ಲ ಅಂತಾರೆ. ಮನೇಲ್ ಹೋಗಿ ಬೇಕಾದ್ರೆ ನಾವೇ ಬೇರೆ..."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಈ ಮನುಷ್ಯನನ್ನು ಮೀರಿಸುವವರಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಯಾವ ಕಡೆಗೂ ಬೆಳಕು ಬೀಳಿಸಿದವನಲ್ಲ. ಹೇರಾನ್ ಏಪ್ರನ್ನಿನಲ್ಲೇ ಹೊರಟು, ತಿರುವಿನ ಮಾಂಸದಂಗಡಿಯಲ್ಲಿ ಆರುನೂರು ಗ್ರಾಂ ದನದ ಮಾಂಸ ತೆಗೆದುಕೊಂಡಳು. ನಾನೂರು ತೆಳ್ಳಗೆ, ಇನ್ನೂರು ಸಾರಿಗೆ.

ವಾಪಸು ಬಂದು ಬಾಣಲೆ ಇಟ್ಟಾಗ ಹಿರಿಯ ವಾರಗಿತ್ತಿ ಬೊಂಗ್‌ಸುನ್‌ಗೆ ಕೈಕಾಲು ಆಡಲಿಲ್ಲ. "ಅಯ್ಯೋ ಮಾರಾಯ್ತಿ, ನಿಮ್ ಭಾವ ನನ್ನ ಸುಮ್ನೆ ಬಿಡ್ತಾರಾ?"

"ನಂಗ್ ಗೊತ್ತಿರ್ಲಿಲ್ಲ ಅಂತ ಹೇಳಿ ಅಕ್ಕ."

"ಈ ವಾಸನೆಗೆ ಗೊತ್ತಿರ್ಲಿಲ್ಲ ಅಂದ್ರೆ ಯಾವ್ ಮೂಗಿಲ್ಲದೋರು ನಂಬ್ತಾರೆ?" ಎಂದು ಗೊಣಗುತ್ತ ಬೊಂಗ್‌ಸುನ್ ನಡುಮನೆಯ ಕಡೆಯ ಬಾಗಿಲು ಎಳೆದು, ಕಿಟಕಿ ತೆರೆದಳು. ಆಮೇಲೆ ಎಡೆಗೆಂದು ಎತ್ತಿಟ್ಟಿದ್ದ ಐದು ಪೇರ್ ಹಣ್ಣಿನಲ್ಲಿ ಒಂದನ್ನು ತಂದು ತುರಿಯುವ ಮಣೆಯ ಪಕ್ಕ ಇಟ್ಟಳು. ಎಡೆಗೆ ಹಣ್ಣು ಬೆಸ ಸಂಖ್ಯೆಯಲ್ಲೇ ಇರಬೇಕು. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ತಂದಿಟ್ಟಳು.

ಹೇರಾನ್ ಬೆಳ್ಳುಳ್ಳಿ ಜಜ್ಜಿದಳು. ಚಾಕುವಿನ ಹಿಡಿಯಿಂದ ಒಂದೊಂದು ಎಸಳಿಗೂ ಒಂದೊಂದು ಏಟು. ಅವಳ ಮಗನನ್ನು ಮದುವೆಯಾಗಿ ಆರು ತಿಂಗಳಾದ ಸೊಸೆ ಯೇಜಿನ್ ಪಕ್ಕದಲ್ಲಿ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದವಳು ಮೆಲ್ಲಗೆ, "ಇಷ್ಟ್ ಸಾಕೇನೋ ಅತ್ತೆ" ಎಂದಳು.

"ಸಾಲ್ದು" ಎಂದಳು ಹೇರಾನ್.

ಸಾರಿನ ಮಾಂಸವನ್ನು ಎಳ್ಳೆಣ್ಣೆಯಲ್ಲಿ ಬಣ್ಣ ತಿರುಗುವವರೆಗೆ ಹುರಿದು, ಮೂಲಂಗಿ ಹಾಕಿ, ನೀರು ಹೊಯ್ದು, ಮೇಲೆ ಬಂದ ನೊರೆಯನ್ನು ತೆಗೆದು ತೆಗೆದು ಚೆಲ್ಲಿದಳು. ಭಾವ ಹೇಳಿದ ಬರೀ ಮೂಲಂಗಿ ಸಾರನ್ನೂ ಬೇರೆ ಪಾತ್ರೆಯಲ್ಲಿ ಮಾಡಿಟ್ಟಳು. ಎಡೆಯ ಅಡುಗೆಯನ್ನು ಸತ್ತವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಹೇರಾನ್ ನೋಡಲಿಲ್ಲ. ಆ ಒಂದು ಕಟ್ಟಳೆಯನ್ನು ಮುರಿಯುವ ಅಗತ್ಯ ಅವಳಿಗೆ ಕಾಣಲಿಲ್ಲ.

ಸಂಜೆ ಆರಕ್ಕೆ ಎಡೆ ಇಟ್ಟರು. ಮಡಚುವ ತೆರೆಯ ಮುಂದೆ ಅತ್ತೆಯ ಫೋಟೋ, ಅದರ ಮುಂದೆ ಅನ್ನ, ಮೀನು, ಒಣ ಬೋರೆಹಣ್ಣು, ಮೂರು ಪೇರ್ ಹಣ್ಣು, ಬಿಳಿಚಿಕೊಂಡ ಮೂಲಂಗಿ ಸಾರು. ಇನ್‌ಸಿಕ್ ಅಕ್ಕಿಯ ಮದ್ಯ ಹೊಯ್ದು ಹಣೆ ನೆಲಕ್ಕೆ ಹಚ್ಚಿ ಅಡ್ಡಬಿದ್ದ. ಹಿಂದೆ ವೊನ್‌ಸಿಕ್, ಅವನ ಹಿಂದೆ ಹೇರಾನ್‌ಳ ಮಗ ಹಾನ್ಸೊಲ್. ಬೇಯಿಸಿದ ಮೂವರು ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಅನ್ನದಲ್ಲಿ ಚಮಚ ನೆಟ್ಟ ಮೇಲೆ ಗಂಡಸರು ಹೊರಗೆ ಬಂದು ಬಾಗಿಲು ಎಳೆದುಕೊಂಡು, ಬೆನ್ನು ತಿರುಗಿಸಿ ನಿಂತರು. ಸತ್ತವಳು ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಯಾರೂ ನೋಡಬಾರದು, ಯಾರೂ ಒಳಗೆ ಇರಬಾರದು.

ಆ ಕೋಣೆಗೆ ಅಡುಗೆಮನೆಯ ಕಡೆಯಿಂದಲೂ ಒಂದು ಬಾಗಿಲಿದೆ. ಅದರಲ್ಲಿ ಓಡಾಡುವವರು ಹೆಂಗಸರು ಮಾತ್ರ, ಹಾಗಾಗಿ ಗಂಡಸರ ಲೆಕ್ಕದಲ್ಲಿ ಅದು ಬಾಗಿಲೇ ಅಲ್ಲ.

ಹೇರಾನ್ ಬಿಸಿ ಬುಲ್ಗೊಗಿಯ ತಟ್ಟೆ ಹಿಡಿದು ಒಳಗೆ ಬಂದಳು. ಮೂಲಂಗಿ ಸಾರು ಎತ್ತಿ ಕೆಳಗಿಟ್ಟು ಮಾಂಸದ ಸಾರು ಇಟ್ಟಳು. ಬುಲ್ಗೊಗಿಯನ್ನು ಫೋಟೋದ ಹತ್ತಿರಕ್ಕೆ, ಎಲ್ಲಕ್ಕಿಂತ ಮುಂದಕ್ಕೆ ತಳ್ಳಿದಳು.

"ತಿನ್ನಿ ಅತ್ತೆ" ಎಂದಳು ಪಿಸುದನಿಯಲ್ಲಿ. ಅಲ್ಲಿಗೆ ಕೆಲಸ ಮುಗಿದಿತ್ತು, ಆದರೆ ಸಿಟ್ಟು ಮುಗಿದಿರಲಿಲ್ಲ. "ಅರವತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಲ್ಲ, ಒಂದ್ ಸಲ ನಂಗೂ ಬೇಕು ಅನ್ನೋಕೇನಾಗಿತ್ತು ನಿಮ್ಗೆ? ನೀವ್ ಸುಳ್ಳು ಹೇಳಿ ಒಳ್ಳೇವ್ರಾದ್ರಿ. ಜಗಳ ಮಾತ್ರ ನಾನ್ ಮಾಡ್ಬೇಕು."

ಹೊರಗೆ ಮೂರು ಸಲ ಕೆಮ್ಮಿದ ಸದ್ದಾಯಿತು. ಒಳಗೆ ಬರುತ್ತೇವೆ ಎಂದು ಸತ್ತವರಿಗೆ ಕೊಡುವ ಸೂಚನೆ ಅದು. ಹೇರಾನ್ ಕದಲಲಿಲ್ಲ.

ಬಾಗಿಲು ತೆರೆದ ಇನ್‌ಸಿಕ್‌ಗೆ ಮೊದಲು ಬಡಿದದ್ದು ಬೆಳ್ಳುಳ್ಳಿಯ ವಾಸನೆ, ಆಮೇಲೆ ಕಂಡದ್ದು ತಮ್ಮನ ಹೆಂಡತಿ. ಅವನ ಮುಖ ಕೆಂಪಾಯಿತು. "ಏನಿದು?"

"ಅತ್ತೆ ಕೇಳಿದ್ದ ಊಟ."

"ತೆಗಿ ಅದನ್ನ. ಬೆಳ್ಳುಳ್ಳಿ ಇಟ್ಟು ಅಮ್ಮನ್ನ ಬಾಗ್ಲಿಂದಾನೇ ಓಡಿಸ್ದೆ."

"ನೀವ್ ಇಟ್ಟಿದ್ದ ಮೂಲಂಗಿಗೆ ಓಡಿಬಂದು ಕೂತಿದ್ರಾ?"

"ನೋಡು, ನಾನು ಹಿರೀಮಗ. ನಂಗ್ ಗೊತ್ತಿಲ್ವಾ? ಮಾಂಸ ಸೇರಲ್ಲ ಅಂತ ಅಮ್ಮಾನೇ ನನ್ ಹತ್ರ ಹೇಳಿದ್ದು."

"ಆಗ ನಿಮಗೆಷ್ಟು ವಯಸ್ಸು ಭಾವ?"

"ಎಂಟೋ, ಒಂಬತ್ತೋ" ಎಂದ ಇನ್‌ಸಿಕ್.

"ಈಗ ಅರವತ್ತೆಂಟು. ಒಂಬತ್ತು ಬಾಯಿಗೆ ಅರ್ಧ ಕೆಜಿ ಮಾಂಸ ಇಟ್ಕೊಂಡಿದ್ದ ತಾಯಿ ಎಂಟ್ ವರ್ಷದ ಹುಡುಗನ್ ಹತ್ರ ಇನ್ನೇನ್ ಹೇಳ್ತಾಳೆ? ಹುಡುಗ ನಂಬ್ದ, ಸರಿ. ಹುಡುಗ ದೊಡ್ಡೋನಾದ, ಕೆಲ್ಸಕ್ಕೆ ಸೇರ್ದ, ಅಜ್ಜನೂ ಆದ. ಅಷ್ಟ್ ವರ್ಷದಲ್ಲಿ ಒಂದ್ ಸಲ, ಈಗಾದ್ರೂ ತಿಂತೀಯೇನಮ್ಮ ಅಂತ ಕೇಳಿದ್ರಾ?" ಅವಳ ದನಿ ಏರಲಿಲ್ಲ. ಗಂಡನ ಕಡೆ ತಿರುಗಿದಳು. "ಹೇಳ್ರಿ. ನಮ್ಮನೇಲಿ ಅತ್ತೆ ತಿಂತಿದ್ರಾ ಇಲ್ವಾ?"

ವೊನ್‌ಸಿಕ್ ನೆಲ ನೋಡಿದ, ಅಣ್ಣನನ್ನು ನೋಡಿದ, ಅಮ್ಮನ ಫೋಟೋ ನೋಡಿದ. "ತಿಂತಿದ್ಲು ಅಣ್ಣ" ಎಂದ. "ನನ್ ಪಾಲೂ ತಿಂತಿದ್ಲು."

ಇನ್‌ಸಿಕ್‌ನ ಹಿರಿಮಗನ ಗತ್ತು ಒಂದೇ ಏಟಿಗೆ ಬಿಟ್ಟುಹೋಗುವಂಥದ್ದಲ್ಲ. "ಇದು ನನ್ ಮನೆ" ಎಂದ. "ಮುಂದಿನ್ ವರ್ಷ ಇಂಥದ್ದೆಲ್ಲ ನಡೆಯಲ್ಲ."

"ಮುಂದಿನ್ ವರ್ಷ ನೀವೇ ಬೇಯ್ಸಿ" ಎಂದಳು ಹೇರಾನ್.

ಅವನು ಕೊನೆಯ ನಮಸ್ಕಾರಕ್ಕೆ ಬಾಗಿದ. ತಟ್ಟೆಯನ್ನು ಮಾತ್ರ ತೆಗೆಸಲಿಲ್ಲ.

ಎಡೆಯ ಮೇಲಿನದನ್ನೆಲ್ಲ ಇಳಿಸಿ, ಮನೆಯವರು ಕೂತು ಉಣ್ಣುವುದು ಕೊನೆಯ ಕೆಲಸ. ಹಿರಿಯರು ಉಂಡುಬಿಟ್ಟದ್ದು ಮಕ್ಕಳಿಗೆ ಪ್ರಸಾದ. ಬೊಂಗ್‌ಸುನ್ ಬುಲ್ಗೊಗಿಯ ತಟ್ಟೆಯನ್ನು ಗಂಡನ ಮುಂದೆ ಇಡಬೇಕೋ ಬೇಡವೋ ತಿಳಿಯದೆ ಮೇಜಿನ ನಡುವೆ ಇಟ್ಟಳು. ಹೇರಾನ್ ಎಲ್ಲರಿಗೂ ಅನ್ನ ಬಡಿಸಿ ತುದಿಯಲ್ಲಿ ಬಂದು ಕೂತಳು. ಕಾಲು ಸೋತಿತ್ತು, ಮನಸ್ಸಿನಲ್ಲಿ ಮಾತ್ರ ಗೆದ್ದೆನೆಂಬ ಬಿಸಿ ಇನ್ನೂ ಇತ್ತು. ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಆ ಮುದುಕಿಗೆ ಕೊಟ್ಟ ಮಾತು ಉಳಿದಿತ್ತು.

ಯೇಜಿನ್ ಸಾರು ಬಡಿಸುತ್ತ ಬಂದಳು. ಹೇರಾನ್‌ಳ ಬಟ್ಟಲಿಗೆ ಮಾಂಸ ತುಂಬಿದ ಸೌಟು ಬಗ್ಗಿಸಿದಾಗ ಹಾನ್ಸೊಲ್ ಹೆಂಡತಿಯ ಕೈ ತಡೆದ.

"ಅಮ್ಮಂಗೆ ಅದ್ ಬೇಡ. ಬರೀ ಮೂಲಂಗಿ ಹಾಕು" ಎಂದ. ಎಷ್ಟು ಅಕ್ಕರೆಯಿಂದ ಹೇಳಿದ. "ಅಮ್ಮಂಗೆ ಮಾಂಸ ಅಷ್ಟ್ ಸೇರಲ್ಲ."

ಯೇಜಿನ್ ಸೌಟನ್ನು ಪಾತ್ರೆಯ ಮೇಲೇ ಹಿಡಿದು ನಿಂತಳು. ಮೇಜಿನ ಆ ತುದಿಯಲ್ಲಿ ಇನ್‌ಸಿಕ್ ತಲೆಯೆತ್ತಿದ.

"ಯಾರೋ ನಿಂಗ್ ಹೇಳಿದ್ದು?" ಎಂದಳು ಹೇರಾನ್.

"ನೀನೇ ಅಲ್ವೇನಮ್ಮ? ನಾನು ಚಿಕ್ಕೋನಿದ್ದಾಗ, ಆ ಬಾಡಿಗೆ ಮನೇಲಿ. ಯಾವಾಗ್ಲೂ ಹೇಳ್ತಿದ್ದೆ."

ಇಲ್ಲ ಎನ್ನಲು ಹೇರಾನ್ ಬಾಯಿ ತೆರೆದಳು. ಹೇಳಿದ್ದು ನಿಜ. ವೊನ್‌ಸಿಕ್ ಕೆಲಸ ಕಳೆದುಕೊಂಡಿದ್ದ ವರ್ಷ ಹೇಳಿದ್ದಳು. ಕೆಲಸ ಸಿಕ್ಕ ಮೇಲೂ ಹೇಳಿದ್ದಳು. ಹೋದ ತಿಂಗಳು ಇವರಿಬ್ಬರು ಊಟಕ್ಕೆ ಬಂದಾಗಲೂ, ನಾನು ಒಲ್ಲೆ, ನೀವು ತಿನ್ನಿ ಎಂದಿದ್ದಳು. ಬಾಣಲೆ ತುಂಬ ಮಾಂಸವಿದ್ದಾಗ. ಇಪ್ಪತ್ತೈದು ವರ್ಷದಲ್ಲಿ ಮಗನೂ ಕೇಳಿರಲಿಲ್ಲ, ತಾನೂ ಕೇಳಲು ಬಿಟ್ಟಿರಲಿಲ್ಲ. ಇಷ್ಟು ಹೊತ್ತು ಭಾವನ ಮೇಲೆ, ಗಂಡನ ಮೇಲೆ, ಸತ್ತ ಅತ್ತೆಯ ಮೇಲೆ ಎಸೆದ ಸಿಟ್ಟೆಲ್ಲ ತಿರುಗಿ ಬಂದು ಅವಳ ಎದೆಗೇ ಬಿತ್ತು.

ಹೇರಾನ್ ಎದ್ದು ನಿಂತು, ಕೈ ಚಾಚಿ, ಮೇಜಿನ ನಡುವಿದ್ದ ಬುಲ್ಗೊಗಿಯ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಕೂತಳು. ತಿನ್ನತೊಡಗಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಯಾರಿಗೂ ಬೇಕಾ ಎಂದು ಕೇಳಲಿಲ್ಲ.

"ಅಮ್ಮಾ" ಎಂದ ಹಾನ್ಸೊಲ್.

"ಸುಮ್ನೆ ಕೂತ್ಕೊ" ಎಂದಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ಕೂತು ನೋಡು. ಸರಿಯಾಗ್ ನೋಡ್ಕೊ."