ಓಣಿಗೆ ಕಲ್ಲು ಹಾಸಿದವರು ಯಾರು?

ಶಿವಮೊಗ್ಗದ ಗೋಪಾಳದಲ್ಲಿ ಕಲ್ಲಮ್ಮನ ಮನೆಗೂ ಸಲೀಮಾಳ ಮನೆಗೂ ನಡುವೆ ಒಂದು ಓಣಿ. ಇಬ್ಬರ ಗಂಡಂದಿರೂ ಭದ್ರಾವತಿಯ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿದು, ಅಕ್ಕಪಕ್ಕ ಮನೆ ಕಟ್ಟಿ, ಈಗ ತೀರಿಹೋಗಿದ್ದಾರೆ. ಬೇಸಿಗೆ ಬಂತೆಂದರೆ ಹೆಂಗಸರಿಬ್ಬರೂ ಆ ಓಣಿಯಲ್ಲೇ ಶಾವಿಗೆ ಒತ್ತುತ್ತಿದ್ದರು. ಅಲ್ಲೇ ಜಗಳ, ಅಲ್ಲೇ ರಾಜಿ. ಎಂಥ ದಿನಗಳವು.

ಮೂರು ವರ್ಷದ ಹಿಂದೆ ಸಲೀಮಾಳ ಮಗ ಆರಿಫ್ ಓಣಿಗೆ ಗೇಟು ಹಾಕಿ ಬೀಗ ಜಡಿದ. ಕಲ್ಲಮ್ಮನಿಗೆ ಪಕ್ಕದ ಬಾಗಿಲಿನಿಂದ ಬೀದಿಗೆ ಹೋಗುವ ದಾರಿ ತಪ್ಪಿತು. ಸಿಟ್ಟಿನಲ್ಲಿ ಕೇಸು ಹಾಕಿದಳು. ಓಣಿ ತಮ್ಮದೇ, ಕಲ್ಲು ಹಾಸಿಸಿದ್ದೂ ತಾವೇ ಎಂದು ಎರಡೂ ಮನೆಯವರು ಕೋರ್ಟಿನ ಕಾಗದಕ್ಕೆ ಸಹಿ ಹಾಕಿದರು. ಸಾಕ್ಷಿಗೆ ಗಂಡಂದಿರ ಜೊತೆ ದುಡಿದ ಭದ್ರಾವತಿಯ ಇಬ್ಬರು ಮುದುಕರು ಬರಬೇಕು. ಒಬ್ಬರಿಗೆ ಕಿವಿ ಕೇಳದು, ಇನ್ನೊಬ್ಬರಿಗೆ ಮಂಡಿ ಮಡಚದು.

ಅದೇ ಬೀದಿಯಲ್ಲಿರುವ ಹುಡುಗಿ, ಕಾನೂನು ಸ್ವಯಂಸೇವಕಿ ಗಗನಾ ಒಂದು ದಿನ ಬಂದಳು.

"ದೊಡ್ಡಮ್ಮ, ವಿಚಾರಣೆಗೆ ಮುಂಚೆ ಜಡ್ಜ್ ಮೇಡಂ ವಿಡಿಯೊದಲ್ಲೇ ಮಾತಾಡ್ತಾರಂತೆ. ವಕೀಲರೂ ಇರ್ತಾರೆ. ಇಬ್ರೂ ಯಾವುದನ್ನ ಒಪ್ತೀರಿ, ಯಾವುದಕ್ಕೆ ತಕರಾರು, ಯಾರ ಸಾಕ್ಷಿ ಬೇಕು, ಇಷ್ಟೇ ಕೇಳೋದು."

"ಫೋನಲ್ಲಿ ಎಂಥ ನ್ಯಾಯ ಮಾರಾಯ್ತಿ? ಕಟಕಟೆ ಇಲ್ಲ, ಹೆಸರು ಕೂಗೋರಿಲ್ಲ."

"ಇದು ತೀರ್ಪಲ್ಲ ದೊಡ್ಡಮ್ಮ. ಬಲವಂತವೂ ಇಲ್ಲ. ಒಪ್ಪದಿದ್ರೆ ವಿಚಾರಣೆ ಇದ್ದೇ ಇದೆ."

ಆ ದಿನ ಕಲ್ಲಮ್ಮ ಒಳ್ಳೆಯ ಸೀರೆ ಉಟ್ಟು ಗಗನಾಳ ಫೋನಿನ ಮುಂದೆ ಕೂತಳು. ಪರದೆಯ ಮೂಲೆಯಲ್ಲಿ ಸಲೀಮಾ. ಎಷ್ಟು ಸೊರಗಿದ್ದಾಳೆ.

"ಕಲ್ಲು ಹಾಸಿದ್ದು ಯಾರಮ್ಮ?" ಜಡ್ಜ್ ಕೇಳಿದರು.

ಕಲ್ಲಮ್ಮನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ನಮ್ಮನೆಯವರೂ ಸಲೀಮಾನ ಯಜಮಾನ್ರು ಹಯಾತ್ ಸಾಬ್ರೂ ಸೇರಿ ಹಾಸಿದ್ದು ಮೇಡಂ. ರಜೆ ದಿನ. ಸಾಲೆಲ್ಲ ಸೊಟ್ಟ."

"ಸೊಟ್ಟ ಮಾಡಿದ್ದು ನಮ್ಮೋರು ಮೇಡಂ," ಎಂದಳು ಸಲೀಮಾ. "ಕಲ್ಲಕ್ಕ ಅವತ್ತು ಎಲ್ರಿಗೂ ರೊಟ್ಟಿ ಮಾಡಿ ಹಾಕಿದ್ರು."

"ದನಿ ಯಾಕೆ ಎರಡೆರಡು ಸಲ ಕೇಳ್ತಿದೆ?" ಎಂದರು ಜಡ್ಜ್.

"ಪಕ್ಕದ ಮನೆ ಮೇಡಂ, ಗೋಡೆಯಾಚೆಯಿಂದಲೂ ಬರ್ತಿದೆ," ಎಂದಳು ಗಗನಾ.

ಜಡ್ಜ್ ನಕ್ಕರು. "ಹಾಗಾದ್ರೆ ಇಬ್ರೂ ಒಪ್ಪಿದ್ರೆ ಒಂದೇ ಫೋನಿನ ಮುಂದೆ ಕೂತ್ಕೊಳ್ಳಿ."

ಸಲೀಮಾ ಓಣಿ ದಾಟಿ ಬಾಗಿಲಲ್ಲಿ ನಿಂತಳು. ಕಲ್ಲಮ್ಮ ಇನ್ನೊಂದು ಕುರ್ಚಿ ಎಳೆದು ಹಾಕಿದಳು.

ಕಲ್ಲು ಇಬ್ಬರದೂ ಎಂದು ಎರಡೂ ಕಡೆಯ ವಕೀಲರು ಒಪ್ಪಿದರು. ಭದ್ರಾವತಿಯ ಮುದುಕರು ಬರಬೇಕಾಗಿಲ್ಲ. ಉಳಿದದ್ದು ಬೀಗ ಒಂದೇ.

"ಬೈಕ್ ಕಳುವಾಗುತ್ತೆ ಅಂತ ಮಗ ಹಾಕಿದ್ದು ಮೇಡಂ. ಅಕ್ಕನಿಗೊಂದು ಕೀ ಕೊಡ್ತೀವಿ," ಎಂದಳು ಸಲೀಮಾ.

"ನನಗೆ ಅಷ್ಟೇ ಸಾಕು," ಎಂದಳು ಕಲ್ಲಮ್ಮ. ಅದನ್ನೇ ಬರೆದು ತರಲು ಜಡ್ಜ್ ವಕೀಲರಿಗೆ ಹೇಳಿದರು.

ಫೋನು ಆರಿದರೂ ಸಲೀಮಾ ಏಳಲಿಲ್ಲ. "ಮೂರು ವರ್ಷ ಹೋಯ್ತಲ್ಲ ಅಕ್ಕ," ಎಂದಳು. ಕಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಮ್ಮ ಮನೆಯ ಸಿವಿಲ್ ಕೇಸೂ ವಾಯಿದೆಯ ಮೇಲೆ ವಾಯಿದೆ ಕಾಣುತ್ತಿದೆಯೇ? ವಿಚಾರಣೆಗೆ ಮುಂಚೆ ಇಂಥ ವಿಡಿಯೊ ಮಾತುಕತೆಗೆ ನಿಮ್ಮ ಕೋರ್ಟಿನಲ್ಲಿ ಅವಕಾಶವಿದೆಯೇ ಎಂದು ವಕೀಲರನ್ನು ಕೇಳಿ. ವಕೀಲರಿಲ್ಲವೆಂದರೆ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಕಾಗದಪತ್ರ ಎದುರಿಗಿಟ್ಟುಕೊಳ್ಳಿ, ಇದ್ದದ್ದನ್ನು ಇದ್ದಂತೆ ಹೇಳಿ. ಎದುರು ಪಾರ್ಟಿಯವರಿಗೂ ವಯಸ್ಸಾಗುತ್ತಿದೆ. ಇನ್ನೂ ಕಾಯಬೇಡಿ.