ಗುಡ್ಡ ಹತ್ತದ ಮೂರು ಭಾನುವಾರ

ಇವತ್ತೂ ಒಣಗಿಲ್ಲ, ಮೂರನೇ ದಿನ, ಮುಟ್ಟಿದರೆ ಹಾಸು ಅಂಗೈಗೆ ತಣ್ಣಗೆ ಅಂಟುತ್ತದೆ, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ, ಈ ಕಾಡಿನಲ್ಲಿ ಏನೂ ಒಣಗುವುದಿಲ್ಲ, ಬಿಸಿಲನ್ನೆಲ್ಲ ಮರಗಳು ಮೇಲೆ ಮೇಲೆಯೇ ಕುಡಿದುಬಿಡುತ್ತವೆ, ಕೆಳಗಿರುವ ನಮಗೆ ಬರೀ ಹಬೆ — ಮತ್ತೆ ಹಿಂಡು, ಮತ್ತೆ ಕೊಡವು, ಮತ್ತೆ ಹಗ್ಗಕ್ಕೆ ಹಾಕು, ಎಂಟು ಕೋಣೆ, ಹದಿನಾರು ಮಂಚ, ದಿನಕ್ಕೆ ಐದು ಗಂಟೆ ದುಡಿದರೆ ಊಟ ಮತ್ತು ಮಲಗಲು ಒಂದು ಜಾಗ, ಸ್ವಯಂಸೇವೆ ಎಂದು ಅದಕ್ಕೆ ಹೆಸರು, ಸಮುದ್ರದಾಚೆಯ ಈ ವಸತಿಗೃಹದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದವಳು ಅಕ್ಕ, ನೋಡೇ ಇಲ್ಲಿ, ಮಲಗಿದಲ್ಲಿಂದಲೇ ಮಂಗ ಕಾಣುತ್ತಂತೆ, ಬಟ್ಟೆ ಒಗೆಯೋಕೆ ಬರುತ್ತೆ, ಪಾತ್ರೆ ತೊಳೆಯೋಕೆ ಬರುತ್ತೆ, ಇನ್ನೇನು ಬೇಕು, ಆರು ವಾರ ಹೋಗಿಬಿಡೋಣ. ಮೂವತ್ತು ವರ್ಷ ಭೂಗೋಳ ಕಲಿಸಿ ಒಂದು ಸಲವೂ ಸಮುದ್ರ ದಾಟದೆ ನಿವೃತ್ತಳಾದವಳು, ಇಬ್ಬರಿಗೂ ಟಿಕೆಟ್ ಮಾಡಿಸಿದಳು, ಅದಾದ ಮೇಲೆ ಅವಳ ರಿಪೋರ್ಟ್ ಬಂತು, ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ಆರು ತಿಂಗಳು ಅಂದ್ಕೊಳ್ಳಿ ಎಂದರು, ಅಂದುಕೊಂಡೆ, ನನಗೆ ಬೇಕಾದ ಹಾಗೆಯೇ ಅಂದುಕೊಂಡೆ, ಆರು ತಿಂಗಳಲ್ಲಿ ಆರು ವಾರ ಕಳೆದರೂ ಇನ್ನೂ ಬೇಕಾದಷ್ಟು ಉಳಿಯುತ್ತದೆ — ನೀನಾದ್ರೂ ಹೋಗಿ ಬಾರೇ, ನನ್ನ ಪಾಲಿನ ಸೊಳ್ಳೆ ಕಡಿತಾನೂ ನೀನೇ ತಿಂದು ಬಾ, ನಿನ್ನ ಭಾವ ಇದ್ದಾರಲ್ಲ ನನ್ನ ನೋಡ್ಕೊಳ್ಳೋಕೆ, ಎಂದಳು ಅಕ್ಕ, ಬೇಡ ಎನ್ನಬೇಕಿತ್ತು, ಬಾಯಿಮಾತಿಗಾದರೂ, ನಾನು ಅವತ್ತು ಸಂಜೆಯೇ ಚೀಲ ತುಂಬಿದೆ.

ಅಮ್ಮನಿಗೆ ಮೂರು ವರ್ಷ ನಾನೇ ಹಾಸು ಬದಲಿಸಿದವಳು, ಮದುವೆಯಾಗದ ಮಗಳು ಮನೆಯಲ್ಲಿ ಇದ್ದಾಳಲ್ಲ ಎಂದು ಎಲ್ಲರೂ ನನ್ನ ಕಡೆಯೇ ನೋಡಿದ್ದರು, ಆ ವಾಸನೆ, ಆ ಬಟ್ಟಲು, ಬೆನ್ನಿನ ಹುಣ್ಣಿಗೆ ಹಚ್ಚುವ ಪುಡಿ, ಇನ್ನೊಂದು ಸಲ ನನ್ನಿಂದಾಗದು ಎಂದು ಓಡಿ ಬಂದವಳು, ಬಂದು ಮಾಡುತ್ತಿರುವುದೇನು, ಗುರುತಿಲ್ಲದವರ ಹಾಸು ಒಗೆಯುತ್ತಿದ್ದೇನೆ, ನಗು ಬರಬೇಕು, ಅಕ್ಕನಿಗೆ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮೊದಲ ದಿನವೇ ಅಡುಗೆಯವನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದ, ಫೋನ್ ಇಲ್ಲಿ ಸತ್ತ ಹಾಗೇ, ಹಿಂದಿನ ಗುಡ್ಡ ಹತ್ತಿದ್ರೆ ಸಿಗ್ನಲ್ ಸಿಗುತ್ತೆ, ಒಂದು ಗಂಟೆ ದಾರಿ, ಭಾನುವಾರ ನಿಮಗೆ ರಜಾ ಅಲ್ವಾ. ಮೊದಲನೇ ಭಾನುವಾರ ಹತ್ತಿದೆ, ಅಕ್ಕ ಮಾತಾಡಿದಳು, ಮಂಗ ಕಾಣ್ತಾ, ಎಂದಳು, ಕಾಣ್ತು ಎಂದೆ, ಎಷ್ಟು, ಎಂದಳು, ಅಷ್ಟರಲ್ಲಿ ಅವಳಿಗೆ ದಮ್ಮು ಕಟ್ಟಿತು, ನೀರಿನೊಳಗಿಂದ ಬಂದ ಹಾಗಿತ್ತು ಆ ಉಸಿರು, ಅಮ್ಮನದೂ ಕೊನೆಕೊನೆಗೆ ಹಾಗೆಯೇ ಇತ್ತು, ಗೊತ್ತಾಯಿತು ನನಗೆ, ಗೊತ್ತಾಗಲಿಲ್ಲ ಎಂದು ಯಾರಿಗಾದರೂ ಹೇಳಬಹುದು, ನನಗೆ ನಾನು ಹೇಗೆ ಹೇಳಿಕೊಳ್ಳಲಿ — ಎರಡನೇ ಭಾನುವಾರ ಮಳೆ, ಮೂರನೆಯದಕ್ಕೆ ಮಂಡಿ ನೋವು, ನಾಲ್ಕನೆಯದಕ್ಕೆ ನೆಪ ಕೂಡ ಹುಡುಕಲಿಲ್ಲ, ಮೆಟ್ಟಿಲ ಮೇಲೆ ಕೂತು ಸುಮ್ಮನೆ ಉಗುರು ಕತ್ತರಿಸಿಕೊಂಡೆ, ಕೇಳದಿದ್ದರೆ ಆಗಿರುವುದಿಲ್ಲ ಎನ್ನುವ ಹಾಗೆ.

ನಿನ್ನೆ ಹತ್ತಿದೆ. ಬಂಡೆಯ ಮೇಲೆ ನಿಂತದ್ದೇ ತಡ, ಕೈಯಲ್ಲಿ ಫೋನು ನಡುಗಿತು, ಮತ್ತೆ ಮತ್ತೆ ನಡುಗಿತು, ಎಲ್ಲವೂ ಭಾವನವೇ, ನಿನ್ನ ಹತ್ತಿರ ಮಾತಾಡ್ಬೇಕಂತೆ, ಆಸ್ಪತ್ರೆಗೆ ಸೇರಿಸಿದೀವಿ, ಆದಷ್ಟು ಬೇಗ ಹೊರಡು, ಎಲ್ಲಿದೀಯಾ — ಕೊನೆಯದು, ಹೋದಳು, ಎಂದಷ್ಟೇ, ತಾರೀಖು ನೋಡಿದೆ, ಒಂಬತ್ತು ದಿನದ ಹಿಂದಿನದು, ಆ ದಿನ ನಾನೇನು ಮಾಡುತ್ತಿದ್ದೆ, ಇದನ್ನೇ, ಹಾಸು ಹಿಂಡುತ್ತಿದ್ದೆ. ಫೋನ್ ಮಾಡಿದೆ, ಭಾವ ಬೈಯಲಿಲ್ಲ, ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು, ಎಲ್ಲಾ ಮುಗಿದಿದೆ ಕಣಮ್ಮಾ, ಇನ್ನು ಅವಸರ ಮಾಡ್ಕೊಂಡು ಬರೋ ಅಗತ್ಯ ಏನೂ ಇಲ್ಲ, ಎಂದರು, ನೋವು ತಿಂದಳಾ ಭಾವ, ಎಂದು ಕೇಳಿದೆ, ಯಾಕೆ ಕೇಳಿದೆನೋ, ಭಾವ ಹೇಳಿದರು, ನೋವಿಗೆ ಇಂಜೆಕ್ಷನ್ ಕೊಡ್ತಿದ್ರು, ಅದಲ್ಲ, ಆ ಕೋಣೆಯ ಬಾಗಿಲು ಕಿರುಗುಟ್ತಿತ್ತು, ಕಿರ್ ಅಂದಾಗೆಲ್ಲ ಕತ್ತು ತಿರುಗಿಸಿ ನೋಡೋಳು, ನೀನೇ ಬಂದೆ ಅಂತ, ನರ್ಸ್ ಬಂದ್ರೂ, ಕಸ ಗುಡಿಸೋಳು ಬಂದ್ರೂ, ಕಣ್ಣು ಬಿಡೋಕಾಗದೇ ಇದ್ದಾಗ್ಲೂ ಕತ್ತು ಮಾತ್ರ ತಿರುಗೋದು. ಗುಡ್ಡ ಇಳಿದದ್ದು ನೆನಪಿಲ್ಲ, ಇಲ್ಲಿ ಯಾರಿಗೂ ಹೇಳಿಲ್ಲ, ಯಾವ ಭಾಷೆಯಲ್ಲಿ ಹೇಳುವುದು, ಬೆಳಿಗ್ಗೆ ಒಡತಿ ತಾನಾಗಿಯೇ ಬಂದು, ನಿಮ್ಮ ಕೈಕೆಲಸ ಅಚ್ಚುಕಟ್ಟು, ನಾಡಿದ್ದಿನ ದೋಣಿಗೆ ಊರಿಗೆ ಹೋಗ್ಲೇಬೇಕಾ, ಇನ್ನೊಂದು ತಿಂಗಳು ಇರ್ತೀರಾ, ಎಂದಳು, ಇರ್ತೀನಿ ಎಂದೆ, ಎಷ್ಟು ಸಲೀಸಾಗಿ ಬಾಯಿಂದ ಬಂತು, ಹೋಗಿ ಯಾರಿಗೆ ಮುಖ ತೋರಿಸಲಿ, ಯಾವ ಕೋಣೆಗೆ ಕಾಲಿಡಲಿ, ಹಿಂಡು, ಕೊಡವು, ಹಾಕು, ಕ್ಲಿಪ್ಪು ಚುಚ್ಚು, ಹಿಂಡು — ಬಾಗಿಲು ಕಿರುಗುಟ್ಟುತ್ತದೆ, ದಿಂಬಿನ ಮೇಲೆ ಅಕ್ಕನ ಕತ್ತು ತಿರುಗುತ್ತದೆ, ನರ್ಸು, ಮತ್ತೆ ಬಾಗಿಲು, ಮತ್ತೆ ಕತ್ತು ತಿರುಗುತ್ತದೆ, ಭಾವ, ಮತ್ತೆ ಬಾಗಿಲು, ರೆಪ್ಪೆ ಮುಚ್ಚಿಯೇ ಇದೆ, ಕತ್ತು ಮಾತ್ರ, ನಿಧಾನಕ್ಕೆ, ಈ ಕಡೆಗೆ